ಏಳು ವರ್ಷದ ರೀಫ್ ಟ್ಯಾಂಕ್ ಸೊರಗುತ್ತಿದೆ, ಎಲ್ಲ ಕಿತ್ತು ಹೊಸದಾಗಿ ಶುರು ಮಾಡಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಮುಂಬೈನ ಮುಲುಂಡ್‌ನಲ್ಲಿದ್ದೇವೆ, ಊರು ಉಡುಪಿ ಹತ್ತಿರ. ಮನೆಯಲ್ಲಿ ನಾಲ್ಕು ಅಡಿಯ ಉಪ್ಪುನೀರಿನ ರೀಫ್ ಟ್ಯಾಂಕ್, ಅಂದರೆ ಜೀವಂತ ಹವಳ, ಮೀನು ಸಾಕುವ ತೊಟ್ಟಿ ಇದೆ. ಕೆಳಗಿನ ಸಂಪ್ (ನೀರು ಸೋಸುವ ತೊಟ್ಟಿ) ಸೇರಿ ಸುಮಾರು 400 ಲೀಟರ್ ನೀರು. ಶುರು ಮಾಡಿ ಏಳು ವರ್ಷವಾಯಿತು. ಹ್ಯಾಮರ್, ಲೆದರ್, ಜೋವಾಂಥಿಡ್ ಹವಳಗಳು ಮತ್ತು ಎರಡು ಆಕ್ರೊಪೊರಾ ಇವೆ. ಸಂಪ್‌ನಲ್ಲಿ ಕಾಲರ್ಪಾ ಪಾಚಿ ಬೆಳೆಸಿದ್ದೆ. ಕಲ್ಲುಗಳ ಅಡಿಯಲ್ಲಿ ತಾವಾಗಿಯೇ ಬಂದ ಸ್ಪಂಜುಗಳಿವೆ. ಆರು ವರ್ಷ ಹೆಚ್ಚು ತೊಂದರೆ ಇರಲಿಲ್ಲ. ಮಳೆಗಾಲ ಶುರುವಾದ ಮೇಲೆ ಹ್ಯಾಮರ್ ಸರಿಯಾಗಿ ಅರಳುವುದನ್ನು ನಿಲ್ಲಿಸಿತು. ಒಂದು ಬೆಳಗ್ಗೆ ನೋಡಿದರೆ ಕಾಲರ್ಪಾ ಪೂರ್ತಿ ಬಿಳಿಚಿಕೊಂಡಿತ್ತು, ನೀರು ಮಬ್ಬು, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಗಾಬರಿಯಾಗಿ ಆ ವಾರ ಎರಡು ಸಲ ಅರ್ಧರ್ಧ ನೀರು ಬದಲಿಸಿದೆ. ನೀರು ತಿಳಿಯಾಯಿತು. ಆದರೆ ಈಗ ಆಕ್ರೊಪೊರಾ ಬುಡದಿಂದ ಬೆಳ್ಳಗಾಗುತ್ತಿದೆ, ಹ್ಯಾಮರ್ ಮಾಂಸ ಒಳಗೆ ಸರಿದು ಅಸ್ಥಿ ಕಾಣುತ್ತಿದೆ, ಕಲ್ಲಿನ ಮೇಲೆ ಕೂದಲು ಪಾಚಿ ಜಾಸ್ತಿಯಾಗಿದೆ. ಬೂದು ಬಣ್ಣದ ಒಂದು ಸ್ಪಂಜು ಹ್ಯಾಮರ್ ಬುಡಕ್ಕೆ ಹತ್ತುತ್ತಿದೆ. ಹಳೆಯ ಬ್ರೇನ್ ಹವಳದ ಮೇಲೆ ಕಿತ್ತಳೆ ಚುಕ್ಕೆಗಳೂ ಕಾಣುತ್ತಿವೆ.

ನೀರು ಬದಲಿಸುವ ಮುಂಚೆ ನೈಟ್ರೇಟ್ 50 ಪಿಪಿಎಂ, ಫಾಸ್ಫೇಟ್ 0.45 ಪಿಪಿಎಂ, ಆಲ್ಕಲಿನಿಟಿ (ಹವಳ ಅಸ್ಥಿ ಕಟ್ಟಲು ಬೇಕಾದ ನೀರಿನ ಕ್ಷಾರ ಸಂಗ್ರಹ) 7 ಡಿಕೆಎಚ್ ಇತ್ತು. ಬದಲಿಸಿ ಹತ್ತು ದಿನವಾದ ಮೇಲೆ ನೈಟ್ರೇಟ್ 15, ಫಾಸ್ಫೇಟ್ 0.38, ಆಲ್ಕಲಿನಿಟಿ 10.4. ಕ್ಯಾಲ್ಸಿಯಂ 430, ಮೆಗ್ನೀಸಿಯಂ 1300. ಟಾಪ್‌ಅಪ್ ನೀರಿನಲ್ಲಿ, ಅಂದರೆ ಆವಿಯಾದಷ್ಟು ತುಂಬುವ ನೀರಿನಲ್ಲಿ, ಕಾಲ್ಕ್‌ವಾಸರ್ ಹಾಕುತ್ತೇನೆ. ಮೇ ತಿಂಗಳಲ್ಲಿ ದಿನಕ್ಕೆ 4 ಲೀಟರ್ ಹೋಗುತ್ತಿತ್ತು, ಈಗ 2 ಲೀಟರ್ ಕೂಡ ಇಲ್ಲ. ಅಂಗಡಿಯವರು 'ಟ್ಯಾಂಕ್ ಆಯಸ್ಸು ಮುಗಿದಿದೆ, ಕಲ್ಲು ಮರಳು ಎಲ್ಲ ತೆಗೆದು ಬ್ರಷ್ ಹಾಕಿ ಕುದಿಸಿ ಹೊಸದಾಗಿ ಶುರು ಮಾಡಿ' ಎನ್ನುತ್ತಾರೆ. ಇನ್ನೊಬ್ಬರು ಬ್ಯಾಕ್ಟೀರಿಯಾ ಬಾಟಲಿ ಸುರಿಯಿರಿ ಎಂದರು. ಒಬ್ಬ ಗೆಳೆಯ ಗೊರಾಯಿಯಿಂದ ಸಮುದ್ರದ ನೀರು ತರೋಣ, ಬೇಕಾದರೆ ಕೊಂಕಣ ಕರಾವಳಿಯ ಮಾಲ್ವಣ್‌ನಿಂದ ಹೊಸ ಹವಳದ ಕಲ್ಲನ್ನೂ ತಂದುಕೊಡುತ್ತೇನೆ ಎನ್ನುತ್ತಾನೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ದಯವಿಟ್ಟು ಕಲ್ಲುಗಳನ್ನು ಕುದಿಸಬೇಡಿ, ಬ್ರಷ್ ಹಾಕಿ ಉಜ್ಜಲೂ ಬೇಡಿ. ಇದು ಹವಳಗಳಿಗಿಂತ ಹೆಚ್ಚಾಗಿ ನಿಮ್ಮ ಮನೆಯವರ ಸಲುವಾಗಿ ಹೇಳುತ್ತಿರುವುದು. ನಿಮ್ಮಲ್ಲಿ ಜೋವಾಂಥಿಡ್‌ಗಳಿವೆ. ಅವುಗಳಲ್ಲಿ ಕೆಲವು, ಅದರಲ್ಲೂ ಪ್ಯಾಲಿಥೋವಾ ಜಾತಿಯವು, ಪ್ಯಾಲಿಟಾಕ್ಸಿನ್ ಎಂಬ ವಿಷ ಇಟ್ಟುಕೊಂಡಿರುತ್ತವೆ. ಇದು ಜೀವಿಗಳು ತಯಾರಿಸುವ ಅತಿ ಘೋರ ವಿಷಗಳಲ್ಲಿ ಒಂದು. ಆ ಕಲ್ಲನ್ನು ಕುದಿಸಿದಾಗ ಅಥವಾ ಬಿಸಿನೀರು ಹಾಕಿ ಉಜ್ಜಿದಾಗ ವಿಷ ಆವಿ, ತುಂತುರುಗಳ ಜೊತೆ ಗಾಳಿಗೆ ಸೇರುತ್ತದೆ. ಹೀಗೆ ಮಾಡಿ ಇಡೀ ಮನೆಯವರು ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ. ಕಿಟಕಿ ಮುಚ್ಚಿದ ಮುಂಬೈ ಫ್ಲ್ಯಾಟ್‌ನ ಅಡುಗೆಮನೆಯಲ್ಲಿ ಈ ಕೆಲಸ ಮಾಡುವುದನ್ನು ಯೋಚಿಸಿದರೇ ನನಗೆ ಭಯವಾಗುತ್ತದೆ. ಜೋವಾಂಥಿಡ್ ಇರುವ ಕಲ್ಲು ಮುಟ್ಟುವಾಗ ಉದ್ದ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಕೈಯಲ್ಲಿ ಗಾಯವಿದ್ದರೆ ಆ ದಿನ ಟ್ಯಾಂಕ್‌ಗೆ ಕೈ ಹಾಕಬೇಡಿ.

ಈಗ ನಿಮ್ಮ ಚಿಂತೆಗೆ ಬರೋಣ. ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇದ್ದರೂ ಭಯ ಒಂದೇ: ಟ್ಯಾಂಕ್‌ಗೆ ವಯಸ್ಸಾಯಿತು, ಇನ್ನು ಉಳಿಯುವುದಿಲ್ಲ ಎಂಬುದು. ರೀಫ್ ಟ್ಯಾಂಕ್‌ಗೆ ಆಯಸ್ಸು ಅಂತ ಇಲ್ಲ. ಮೊನಾಕೊದ ಸಾಗರ ಮ್ಯೂಸಿಯಂನಲ್ಲಿ ಹವಳಗಳು ದಶಕಗಳಿಂದ ತೊಟ್ಟಿಯಲ್ಲೇ ಬೆಳೆಯುತ್ತಿವೆ. ಮುಂಬೈನಲ್ಲೂ ಹತ್ತು ವರ್ಷ ದಾಟಿದ ಟ್ಯಾಂಕ್‌ಗಳನ್ನು ನಾನು ನೋಡಿಕೊಳ್ಳುತ್ತಿದ್ದೇನೆ, ಅವು ಹೊಸ ಟ್ಯಾಂಕ್‌ಗಳಿಗಿಂತ ಗಟ್ಟಿ. 'ಓಲ್ಡ್ ಟ್ಯಾಂಕ್ ಸಿಂಡ್ರೋಮ್' ಎಂದು ಜನ ಹೇಳುವುದು ಒಂದು ರೋಗವಲ್ಲ. ವರ್ಷಗಳಿಂದ ಹಾಕಿದ ಮೀನಿನ ಆಹಾರದ ಶೇಷ ಕಲ್ಲು, ಮರಳಿನಲ್ಲಿ ಕೂತಿರುತ್ತದೆ. ಹವಳಗಳು ದೊಡ್ಡವಾಗಿ ನೀರಿನ ಹರಿವಿಗೆ ಅಡ್ಡ ನಿಂತಿರುತ್ತವೆ. ಪಂಪ್ ಒಳಗೆ ಸುಣ್ಣ ಕಟ್ಟಿರುತ್ತದೆ. ಹವಳಕ್ಕೆ ಬೇಕಾದ ಖನಿಜ ಹಾಕುವ ಡೋಸಿಂಗ್ ಮಾತ್ರ ಎಂದೋ ಸೆಟ್ ಮಾಡಿದ ಲೆಕ್ಕದಲ್ಲೇ ನಡೆಯುತ್ತಿರುತ್ತದೆ. ಟ್ಯಾಂಕ್ ಬದಲಾಗಿದೆ, ನೋಡಿಕೊಳ್ಳುವ ರೀತಿ ಬದಲಾಗಿಲ್ಲ, ಅಷ್ಟೇ. ಇದನ್ನು ನಿಧಾನವಾಗಿ ಸರಿಮಾಡಬಹುದು. ಹವಳಗಳು ಕೆಟ್ಟ ನೀರನ್ನಾದರೂ ಸ್ವಲ್ಪ ಕಾಲ ತಡೆದುಕೊಳ್ಳುತ್ತವೆ, ಅವಸರದಲ್ಲಿ ಸರಿಮಾಡಿದ ನೀರನ್ನು ತಡೆದುಕೊಳ್ಳುವುದಿಲ್ಲ.

ನೀವು ಕೊಟ್ಟ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದರೆ ನಡೆದದ್ದು ಗೊತ್ತಾಗುತ್ತದೆ. ಶುರುವಾಗಿದ್ದು ಕಾಲ್ಕ್‌ವಾಸರ್‌ನಿಂದ, ಅಂದರೆ ಸುಣ್ಣದ ತಿಳಿಯಿಂದ. ಇದು ಮಳೆ ಬೀಳುವ ಊರಿನ ತೊಂದರೆ. ಒಣ ಹವೆಯ ದೇಶದವರು ಬರೆದ ಸಲಹೆಗಳಲ್ಲಿ ಇದು ಸಿಗುವುದು ಕಡಿಮೆ. ಸುಣ್ಣದ ತಿಳಿ ಟ್ಯಾಂಕ್‌ಗೆ ಹೋಗುವುದು ಆವಿಯಾದ ನೀರಿನ ಬದಲಿಗೆ. ಚೆನ್ನಾಗಿ ಕಲಸಿದ ತಿಳಿ ಒಂದು ಲೀಟರ್ ಹೋದರೆ ನಿಮ್ಮ 400 ಲೀಟರ್ ನೀರಿನ ಆಲ್ಕಲಿನಿಟಿ ಸುಮಾರು 0.28 ಡಿಕೆಎಚ್ ಏರುತ್ತದೆ. ಮೇ ತಿಂಗಳಲ್ಲಿ 4 ಲೀಟರ್ ಹೋಗುತ್ತಿತ್ತು, ಅಂದರೆ ದಿನಕ್ಕೆ 1.1 ರಷ್ಟು ಹವಳಗಳಿಗೆ ಸಿಗುತ್ತಿತ್ತು. ಜೂನ್‌ನಲ್ಲಿ ಗಾಳಿಯಲ್ಲೇ ತೇವ ತುಂಬಿದೆ, ನೀರು ಆವಿಯಾಗುವುದು ಅರ್ಧಕ್ಕಿಂತ ಕಡಿಮೆಯಾಯಿತು. ಜೊತೆಗೆ ಸುಣ್ಣವೂ ಅರ್ಧಕ್ಕಿಂತ ಕಡಿಮೆಯಾಯಿತು. ಹವಳಗಳ ಹಸಿವು ಮಾತ್ರ ಹಾಗೇ ಇತ್ತು. ಆಲ್ಕಲಿನಿಟಿ ಜಾರುತ್ತಾ ಬಂದು 7ಕ್ಕೆ ನಿಂತಿತು. ನಿಜವಾದ ಸಮುದ್ರದಲ್ಲೂ ಅದು ಸುಮಾರು 7 ಇರುತ್ತದೆ, ಹಾಗಾಗಿ ಆ ಅಂಕಿಯೇ ಕೆಟ್ಟದ್ದಲ್ಲ. ಆದರೆ ಅಲ್ಲಿಗೆ ಬಂದ ದಾರಿ ಹ್ಯಾಮರ್‌ಗೆ ಕಷ್ಟ ಕೊಟ್ಟಿತು, ಅದು ಅರಳುವುದನ್ನು ಕಡಿಮೆ ಮಾಡಿತು.

ಆಮೇಲೆ ಕಾಲರ್ಪಾ. ಈ ಪಾಚಿಯ ಸ್ವಭಾವವೇ ವಿಚಿತ್ರ. ನೋಡಲು ಕಾಂಡ, ಎಲೆ, ಬೇರು ಎಲ್ಲ ಇದ್ದ ಹಾಗೆ ಕಾಣುತ್ತದೆ, ಆದರೆ ಇಡೀ ಗಿಡ ಒಂದೇ ಜೀವಕೋಶ. ಸಂತಾನ ಬಿಡುವ ಸಮಯ ಬಂದಾಗ ತನ್ನೊಳಗಿನದನ್ನೆಲ್ಲ ರಾತ್ರೋರಾತ್ರಿ ಸಂತಾನಕಣಗಳಾಗಿ (ಗ್ಯಾಮೀಟ್) ಮಾಡಿ ನೀರಿಗೆ ಚೆಲ್ಲಿ ಸಾಯುತ್ತದೆ. ನೀವು ನೋಡಿದ ಬಿಳಿ ಸಿಪ್ಪೆ ಅದರ ಖಾಲಿ ಹೊರಪೊರೆ. ತಿಂಗಳುಗಟ್ಟಲೆ ಅದು ಹೀರಿ ಇಟ್ಟುಕೊಂಡಿದ್ದ ನೈಟ್ರೇಟ್, ಫಾಸ್ಫೇಟ್‌ನಲ್ಲಿ ಬಹಳಷ್ಟು ಮತ್ತೆ ನೀರಿಗೆ ಬಂತು. ಕೊಳೆಯುವ ಕೆಲಸಕ್ಕೆ ಆಮ್ಲಜನಕ ಖರ್ಚಾಯಿತು, ಅದಕ್ಕೇ ಮೀನುಗಳು ಮೇಲೆ ಬಂದದ್ದು. ಕಾಲರ್ಪಾವನ್ನು ವಾರವಾರ ಕಿತ್ತು ಕಡಿಮೆ ಮಾಡದೆ ದಟ್ಟವಾಗಿ ಬಿಟ್ಟಾಗ, ಅಥವಾ ಬೆಳಕು, ಪೋಷಕಾಂಶ ತಟ್ಟನೆ ಬದಲಾದಾಗ ಇದು ಹೆಚ್ಚಾಗಿ ಆಗುತ್ತದೆ. ಇನ್ನೊಮ್ಮೆ ಎಲೆತುದಿಗಳು ಪಾರದರ್ಶಕವಾಗಿ ಕಂಡರೆ ಬೆಳಗಿನವರೆಗೆ ಕಾಯಬೇಡಿ. ಬಿಳಿಚಿದ ಭಾಗವನ್ನೆಲ್ಲ ಆಗಲೇ ಹೊರಗೆ ತೆಗೆಯಿರಿ, ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ಜೋರು ಮಾಡಿ, ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ಒಂದು ಏರ್‌ಪಂಪ್ ಬಿಡಿ. ಅಷ್ಟು ಮಾಡಿದರೆ ಮೀನುಗಳು ಉಳಿಯುತ್ತವೆ.

ಹವಳಗಳಿಗೆ ನಿಜವಾದ ಪೆಟ್ಟು ಬಿದ್ದದ್ದು ಮೂರನೇ ಹಂತದಲ್ಲಿ. ನಿಮ್ಮ ಉಪ್ಪಿನ ಬ್ರ್ಯಾಂಡ್ ಯಾವುದೆಂದು ಬರೆದಿಲ್ಲ, ಆದರೆ ರೀಫ್‌ಗೆಂದು ಮಾರುವ ಹಲವು ಉಪ್ಪುಗಳ ಆಲ್ಕಲಿನಿಟಿ 11ರಿಂದ 12 ಇರುತ್ತದೆ. 7 ಇದ್ದ ಟ್ಯಾಂಕ್‌ಗೆ 12ರ ನೀರು ಅರ್ಧ ಹಾಕಿದರೆ ಒಂದು ಗಂಟೆಯೊಳಗೆ 9.5 ಆಗುತ್ತದೆ. ಅದೇ ವಾರ ಇನ್ನೊಂದು ಸಲ ಹಾಕಿದಾಗ 10.7ರ ಆಸುಪಾಸು. ನಿಮ್ಮ ಈಗಿನ 10.4ಕ್ಕೆ ಲೆಕ್ಕ ಸರಿಯಾಗಿ ಕೂರುತ್ತದೆ. ಆಕ್ರೊಪೊರಾ ಬುಡದಿಂದ ಬೆಳ್ಳಗಾಗುವುದು, ಹ್ಯಾಮರ್ ಮಾಂಸ ಒಳಗೆ ಸರಿಯುವುದು, ಇವೆರಡೂ ಆಲ್ಕಲಿನಿಟಿ ಹೀಗೆ ಎಗರಿದಾಗ ನಾನು ಮತ್ತೆ ಮತ್ತೆ ನೋಡಿರುವ ಗುರುತುಗಳು. ಮೀನುಗಳಿಗೆ ಉಸಿರು ಕಟ್ಟುತ್ತಿದ್ದಾಗ ನೀರು ಬದಲಿಸಿದ್ದು ತಪ್ಪೇನಲ್ಲ, ಅವನ್ನು ಉಳಿಸಿದ್ದೂ ಅದೇ. ಮುಂದೆ ಅಂಥ ಸಂದರ್ಭ ಬಂದರೆ ಹೊಸ ನೀರಿನ ಆಲ್ಕಲಿನಿಟಿಯನ್ನು ಮೊದಲು ಅಳೆಯಿರಿ. ಟ್ಯಾಂಕ್‌ಗಿಂತ ಬಹಳ ಜಾಸ್ತಿ ಇದ್ದರೆ ಚೂರು ಮ್ಯೂರಿಯಾಟಿಕ್ ಆಸಿಡ್ ಹಾಕಿ ಇಳಿಸುವವರಿದ್ದಾರೆ, ಮನೆಯಲ್ಲಿ ಅದು ಬೇಡ. ಆಲ್ಕಲಿನಿಟಿ 8ರ ಹತ್ತಿರ ಇರುವ ಉಪ್ಪನ್ನೇ ತನ್ನಿ. ಮಳೆಗಾಲದಲ್ಲಿ ಉಪ್ಪಿನ ಚೀಲದ ಬಾಯಿ ಬಿಗಿಯಾಗಿ ಕಟ್ಟಿ ಡಬ್ಬದಲ್ಲಿಡಿ. ತೇವ ಹೀರಿ ಗಟ್ಟಿಯಾದ ಉಪ್ಪನ್ನು ತೂಕ ನೋಡಿ ಕಲಸಿದರೆ ಲೆಕ್ಕ ತಪ್ಪುತ್ತದೆ, ಗಡ್ಡೆಗಳೂ ಸರಿಯಾಗಿ ಕರಗುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಗಮನ ಹೆಚ್ಚು ಸೆಳೆದದ್ದು ಇನ್ನೊಂದು ಅಂಕಿ. ಎರಡು ಸಲ ಅರ್ಧ ನೀರು ಬದಲಿಸಿದರೆ ಏನೇ ಇದ್ದರೂ ಕಾಲು ಭಾಗಕ್ಕೆ ಇಳಿಯಬೇಕು. ನೈಟ್ರೇಟ್ ಹಾಗೇ ಮಾಡಿತು, 50 ಇದ್ದದ್ದು 15ಕ್ಕೆ ಬಂತು. ಫಾಸ್ಫೇಟ್ 0.11ಕ್ಕೆ ಇಳಿಯಬೇಕಿತ್ತು, ಆದರೆ ಹತ್ತು ದಿನದಲ್ಲಿ 0.38ಕ್ಕೆ ವಾಪಸ್ ಬಂದಿದೆ. ಎಲ್ಲಿಂದ? ನಿಮ್ಮ ಕಲ್ಲುಗಳಿಂದ. ಇವನ್ನು ಲೈವ್ ರಾಕ್ ಎನ್ನುತ್ತಾರೆ, ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಫಾಸ್ಫೇಟನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ನೀರಿನಲ್ಲಿ ಜಾಸ್ತಿ ಇದ್ದಾಗ ಹೀರುತ್ತದೆ, ಕಡಿಮೆಯಾದಾಗ ಬಿಡುತ್ತದೆ. ಮಳೆಗಾಲದಲ್ಲಿ ನಮ್ಮ ಬಿಲ್ಡಿಂಗ್ ಗೋಡೆಗಳು ನೀರು ಕುಡಿದಿರುತ್ತವಲ್ಲ, ಒಳಗಿನಿಂದ ಎಷ್ಟು ಒರೆಸಿದರೂ ಬೆಳಗ್ಗೆ ಮತ್ತೆ ತೇವ, ಹಾಗೆಯೇ ಇದು. ಏಳು ವರ್ಷ ಹೀರಿದ್ದನ್ನು ಒಂದು ವಾರದಲ್ಲಿ ಹೊರಗೆ ಹಾಕಲು ಆಗುವುದಿಲ್ಲ. ಹಾಗೆ ಹೊರಟಾಗಲೇ ಜನ ಟ್ಯಾಂಕ್ ಕಳೆದುಕೊಳ್ಳುವುದು.

ಈಗ ಸ್ಪಂಜುಗಳ ವಿಷಯ. ಪಾಪ, ಹವಳ ಸತ್ತ ಜಾಗದಲ್ಲಿ ಸ್ಪಂಜು ಕಂಡರೆ ಎಲ್ಲರೂ ಅದನ್ನೇ ದೂರುತ್ತಾರೆ. ಸಾಮಾನ್ಯವಾಗಿ ಆಗುವುದು ಉಲ್ಟಾ. ಹವಳ ಹಿಂದೆ ಸರಿಯುತ್ತದೆ, ಖಾಲಿಯಾದ ಅಸ್ಥಿಯ ಮೇಲೆ ಸ್ಪಂಜು ಬಂದು ಕೂರುತ್ತದೆ. ಆದರೆ ಎಲ್ಲ ಸ್ಪಂಜೂ ಒಂದೇ ಅಲ್ಲ, ಅದಕ್ಕೆ ಒಂದು ರಾತ್ರಿ ಕೂತು ನೋಡಬೇಕು. ಲೈಟ್ ಆರಿ ಒಂದು ಗಂಟೆಯಾದ ಮೇಲೆ ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದು ಕಲ್ಲುಗಳ ಕೆಳಗೆ ಬೆಳಕು ಬಿಡಿ. ಹಳದಿ, ಕಿತ್ತಳೆ, ಬೂದು ಬಣ್ಣದ ತೆಳು ಹೊದಿಕೆಗಳು ಕಾಣುತ್ತವೆ, ಅವುಗಳ ಮೇಲೆ ಅಲ್ಲಲ್ಲಿ ಸೂಜಿಮೊನೆಯಷ್ಟು ದೊಡ್ಡ ತೂತುಗಳು. ಸ್ಪಂಜು ನೀರು ಒಳಗೆಳೆದು ಸೋಸಿ ಹೊರಗೆ ಬಿಡುವುದು ಅಲ್ಲಿಂದಲೇ. ನೆರಳಿನಲ್ಲಿರುವ ಇವು ನಿಮ್ಮ ಟ್ಯಾಂಕ್‌ನ ಆಸ್ತಿ. ಸಂಪ್‌ನಲ್ಲಿ, ಪೈಪ್ ಒಳಗೆ ಬಿಳಿ ಪುಟ್ಟ ಗೊಂಚಲುಗಳಿದ್ದರೆ ಅವು ಸೈಕಾನ್ ಸ್ಪಂಜುಗಳು, ಅವೂ ನಿರುಪದ್ರವಿ.

ಸ್ಪಂಜಿನ ಬಗ್ಗೆ ಇಷ್ಟು ಹೇಳಲು ಕಾರಣವಿದೆ. 2013ರಲ್ಲಿ ಡಚ್ ವಿಜ್ಞಾನಿ ಯಾಸ್ಪರ್ ಡೆ ಹೂಯ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹವಳ, ಪಾಚಿಗಳು ನೀರಿಗೆ ಬಿಡುವ ಕರಗಿದ ಸಾವಯವ ಪದಾರ್ಥವನ್ನು ಹೆಚ್ಚಿನ ಪ್ರಾಣಿಗಳು ತಿನ್ನಲಾರವು. ಸ್ಪಂಜುಗಳು ಅದನ್ನು ಹೀರಿ, ತಮ್ಮ ಕೋಶಗಳನ್ನು ಬೇಗಬೇಗ ಉದುರಿಸಿ, ಬೇರೆ ಪ್ರಾಣಿಗಳು ತಿನ್ನಬಹುದಾದ ಕಣಗಳಾಗಿ ಮಾಡುತ್ತವೆ ಎಂದು ತೋರಿಸಿದರು. ಪೋಷಕಾಂಶ ಕಡಿಮೆಯಿರುವ ಸಮುದ್ರದಲ್ಲಿ ಹವಳದ ದಿಬ್ಬಗಳು ಇಷ್ಟು ಜೀವ ತುಂಬಿಕೊಂಡಿರಲು ಇದೂ ಒಂದು ಕಾರಣ. ನಿಮ್ಮ ಹಾಲ್‌ನ ಟ್ಯಾಂಕ್‌ನಲ್ಲೂ ಇದೇ ಕೆಲಸ ನಡೆಯುತ್ತಿದೆ. ಏಳು ವರ್ಷ ಕಾದು ಸಿಕ್ಕಿದ್ದು ಇದು, ಹೊಸ ಟ್ಯಾಂಕ್‌ನಲ್ಲಿ ಹಣ ಕೊಟ್ಟರೂ ಸಿಗುವುದಿಲ್ಲ. ಕಲ್ಲುಗಳನ್ನೆಲ್ಲ ಹೊರಗೆ ತೆಗೆದರೆ ಸ್ಪಂಜಿನ ಕಾಲುವೆಗಳಲ್ಲಿ ಗಾಳಿ ಸೇರಿಕೊಳ್ಳುತ್ತದೆ, ಬಹಳಷ್ಟು ಸಾಯುತ್ತವೆ. ವಾಪಸ್ ನೀರಿಗೆ ಹಾಕಿದ ಮೇಲೆ ಅಷ್ಟೂ ಒಟ್ಟಿಗೆ ಕೊಳೆತು ಅಮೋನಿಯಾ ಏರುತ್ತದೆ. ಅಂಗಡಿಯವರ ಸಲಹೆಗೆ ನಾನು ಒಪ್ಪದಿರಲು ಇದು ಇನ್ನೊಂದು ಕಾರಣ.

ತೆಗೆಯಲೇಬೇಕಾದ ಸ್ಪಂಜುಗಳೂ ಇವೆ. ಬ್ರೇನ್ ಹವಳದ ಮೇಲಿನ ಆ ಕಿತ್ತಳೆ ಚುಕ್ಕೆಗಳನ್ನು ಸರಿಯಾಗಿ ನೋಡಿ. ಅವು ಉಬ್ಬಿದ ಗುಂಡು ಬೊಟ್ಟುಗಳಾಗಿದ್ದು, ಪ್ಲಾಸ್ಟಿಕ್ ಕಡ್ಡಿಯಿಂದ ಮುಟ್ಟಿದರೆ ನಿಧಾನವಾಗಿ ಕುಗ್ಗಿದರೆ ಅದು ಬಹುಶಃ ಕ್ಲಿಯೋನಾ, ಕೊರೆಯುವ ಸ್ಪಂಜು. ಇದು ಹವಳದ ಅಸ್ಥಿಯನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಚೂರು ಬಿಡಿಸಿ ಒಳಗೆ ಗೂಡು ಮಾಡಿಕೊಳ್ಳುತ್ತದೆ. ಮೇಲೆ ಕಾಣುವುದು ತುದಿ ಮಾತ್ರ. ಕೊಳಕು ಜಾಸ್ತಿಯಾದ ಸಮುದ್ರದಲ್ಲೂ ಇವು ಹೆಚ್ಚಾಗುತ್ತವೆ, ನಿಮ್ಮ ಫಾಸ್ಫೇಟ್, ನೈಟ್ರೇಟ್ ನೋಡಿದರೆ ಇಲ್ಲಿ ಹೆಚ್ಚಾದದ್ದು ಆಶ್ಚರ್ಯವಲ್ಲ. ಕೆರೆದು ಪ್ರಯೋಜನವಿಲ್ಲ. ಆ ಹವಳದ ಜೀವಂತ ಭಾಗ ಬೇರೆ ಇದ್ದರೆ ಅದನ್ನು ಕತ್ತರಿಸಿ ಉಳಿಸಿಕೊಳ್ಳಿ, ಕೊರೆದ ಭಾಗ ಹೊರಗೆ ಹೋಗಲಿ.

ಹ್ಯಾಮರ್ ಬುಡದ ಬೂದು ಸ್ಪಂಜು ಬೆಳಕಿರುವ ಕಡೆಯೇ ಹಬ್ಬುತ್ತಿದೆಯಾ ಎಂದು ಗಮನಿಸಿ. ಹಾಗಿದ್ದರೆ ಅದರೊಳಗೆ ಬೆಳಕಿನಿಂದ ಆಹಾರ ತಯಾರಿಸುವ ಸೂಕ್ಷ್ಮಜೀವಿಗಳಿರಬಹುದು, ಅಂಥವು ಹವಳದ ಮೇಲೂ ಹತ್ತಬಲ್ಲವು. ಅದನ್ನು ಟ್ಯಾಂಕ್ ಒಳಗೆ ಚಿವುಟಬೇಡಿ, ಬಿದ್ದ ತುಣುಕುಗಳು ಇನ್ನೊಂದು ಕಡೆ ಚಿಗುರುತ್ತವೆ. ಆ ಒಂದೇ ಹ್ಯಾಮರ್ ಕಲ್ಲನ್ನು ಬಕೆಟ್‌ಗೆ ತೆಗೆದು, ಸ್ಪಂಜಿರುವ ಭಾಗವನ್ನು ಮಾತ್ರ ಗಾಳಿಯಲ್ಲಿ ಹಿಡಿದು ಪ್ಲಾಸ್ಟಿಕ್ ಚಾಕುವಿನಿಂದ ಕಿತ್ತು, ಟ್ಯಾಂಕ್‌ನಿಂದಲೇ ತೆಗೆದ ನೀರಿನಲ್ಲಿ ತೊಳೆದು ವಾಪಸ್ ಇಡಿ. ಸ್ಪಂಜು ತಿನ್ನುವ ಏಂಜೆಲ್ ಮೀನು ತಂದುಬಿಡೋಣ ಎಂದು ಯಾರಾದರೂ ಹೇಳಿದರೆ ಬೇಡ, ಅವು ಹವಳವನ್ನೂ ಕಚ್ಚುತ್ತವೆ.

ಉಳಿದ ಸಲಹೆಗಳು ಬೇಗ ಮುಗಿಯುತ್ತವೆ. ಬ್ಯಾಕ್ಟೀರಿಯಾ ಬಾಟಲಿಯಿಂದ ನಿಮಗೆ ಉಪಯೋಗ ಕಾಣುತ್ತಿಲ್ಲ. ಏಳು ವರ್ಷದ ಕಲ್ಲಿನಲ್ಲಿ ಬೇಕಾದಷ್ಟು ಬ್ಯಾಕ್ಟೀರಿಯಾ ಇವೆ, ಒಮ್ಮೆಲೇ ಜಾಸ್ತಿ ಸುರಿದರೆ ನೀರು ಮಬ್ಬಾಗಿ ಮತ್ತೆ ಆಮ್ಲಜನಕ ಇಳಿಯಬಹುದು. ಗೊರಾಯಿಯ ನೀರು ಖಂಡಿತ ಬೇಡ. ಈ ಮಹಾನಗರದ ಕೊಳಚೆ ನೀರು ಸೇರುವ ಕಡಲು ಇದು. ಮಳೆಗಾಲದಲ್ಲಿ ದಡದ ನೀರಿನ ಉಪ್ಪೂ ಕಡಿಮೆಯಾಗಿರುತ್ತದೆ. ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ತರಬೇಕು ಎಂಬ ಮಾತೂ ನಿಮ್ಮ ಕಿವಿಗೆ ಬೀಳುತ್ತದೆ. ಸೊನ್ನೆಯಾದರೆ ಹವಳಗಳು ಹಸಿದು ಬಿಳಿಚಿಕೊಳ್ಳುತ್ತವೆ, ಕಂದು ಲೋಳೆಯ ಡೈನೋಫ್ಲ್ಯಾಜೆಲೇಟ್‌ಗಳು ಆ ಜಾಗ ಹಿಡಿಯುತ್ತವೆ. ಅವನ್ನು ಓಡಿಸುವುದು ಕೂದಲು ಪಾಚಿಗಿಂತ ಬಹಳ ಕಷ್ಟ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1, ಇಷ್ಟಕ್ಕೆ ಬಂದರೆ ಸಾಕು, ಅದೂ ತಿಂಗಳುಗಳಲ್ಲಿ.

ಅಲ್ಲಿಗೆ ಹೋಗಲು ದಾರಿಗಳು ಏನೇನಿವೆ ನೋಡೋಣ. ಬೇಗ ಕೆಲಸ ಮಾಡುವುದು ಲ್ಯಾಂಥನಮ್ ಕ್ಲೋರೈಡ್. ಅದು ಫಾಸ್ಫೇಟ್ ಹಿಡಿದು ಬಿಳಿ ಪುಡಿಯಾಗಿ ಬೀಳುತ್ತದೆ. ಆ ಪುಡಿ ತುಂಬಾ ನಯ. 5ರಿಂದ 10 ಮೈಕ್ರಾನ್ ಫಿಲ್ಟರ್ ಸಾಕ್‌ನಲ್ಲಿ (ಸೋಸುವ ಬಟ್ಟೆ ಚೀಲ) ಹಿಡಿಯದಿದ್ದರೆ ಮೀನಿನ ಕಿವಿರುಗಳಿಗೆ ಹೋಗುತ್ತದೆ, ಟ್ಯಾಂಗ್ ಮೀನುಗಳಿಗೆ ಅದು ಆಗುವುದೇ ಇಲ್ಲ ಎನ್ನುವವರು ಬಹಳ. ನುರಿತವರು ಪಕ್ಕದಲ್ಲಿ ಇಲ್ಲದೆ ನೀವು ಮಾಡಬೇಡಿ. ಎರಡನೆಯದು ವಿನೆಗರ್ ಅಥವಾ ವೋಡ್ಕಾ ಹಾಕಿ ಬ್ಯಾಕ್ಟೀರಿಯಾ ಬೆಳೆಸಿ ಸ್ಕಿಮ್ಮರ್‌ನಲ್ಲಿ ತೆಗೆಯುವುದು. ಇದು ನೈಟ್ರೇಟ್ ಇಳಿಸಲು ಒಳ್ಳೆಯದು, ಫಾಸ್ಫೇಟ್‌ಗೆ ಅಷ್ಟಕ್ಕಷ್ಟೆ. ಡೋಸ್ ತಪ್ಪಿದರೆ ಆಮ್ಲಜನಕ ಬೀಳುತ್ತದೆ. ಮಳೆಗಾಲದಲ್ಲಿ ಕರೆಂಟ್ ಕೈಕೊಟ್ಟು ಸ್ಕಿಮ್ಮರ್ ನಿಂತರೆ ಇನ್ನೂ ಅಪಾಯ. ಮೂರನೆಯದು ಜಿಎಫ್‌ಓ, ಅಂದರೆ ಕಬ್ಬಿಣದ ಆಕ್ಸೈಡ್ ಹರಳು. ಡಬ್ಬದ ಮೇಲೆ ಬರೆದಷ್ಟು ಹಾಕಿದರೆ ಫಾಸ್ಫೇಟ್ ಒಂದೆರಡು ದಿನದಲ್ಲೇ ಕುಸಿದು ಆಕ್ರೊಪೊರಾ ಉಳಿದದ್ದೂ ಹೋಗುತ್ತದೆ. ಬರೆದ ಪ್ರಮಾಣದ ಕಾಲು ಭಾಗದಿಂದ ಶುರು ಮಾಡಿ, ವಾರಕ್ಕೊಮ್ಮೆ ಅಳೆದು ಬದಲಿಸುತ್ತಾ ಹೋದರೆ ಇದು ನಂಬಬಹುದಾದ ದಾರಿ. ಹಾಕಿದ ಹರಳು ಬೇಗ ತುಂಬಿಹೋಗುತ್ತದೆ, ಫಾಸ್ಫೇಟ್ ಮತ್ತೆ ಏರುತ್ತದೆ. ಅಂಗಡಿಯವರು ಕೆಟ್ಟ ಮಾಲು ಕೊಟ್ಟರು ಎಂದುಕೊಳ್ಳಬೇಡಿ, ಕಲ್ಲು ಖಾಲಿಯಾಗುತ್ತಿದೆ ಎಂದರ್ಥ.

ನಾಲ್ಕನೆಯದು ಪಾಚಿ, ನನಗೆ ತುಂಬಾ ಇಷ್ಟವಾದದ್ದು. ಸಂಪ್‌ನಲ್ಲಿ ಪಾಚಿ ಬೆಳೆಸುವುದು ನಿಲ್ಲಿಸಬೇಡಿ, ಜಾತಿ ಬದಲಿಸಿ. ಕೀಟೊಮಾರ್ಫಾ ತನ್ನಿ, ಗೋಜಲಾದ ಹಸಿರು ದಾರದ ಉಂಡೆ. ಅದು ಕಾಲರ್ಪಾದಷ್ಟು ಸುಲಭವಾಗಿ ರಾತ್ರೋರಾತ್ರಿ ಕರಗುವುದಿಲ್ಲ, ಬೇರಿಳಿಸಿ ಪೈಪ್‌ಗೆ ಅಂಟುವುದೂ ಇಲ್ಲ. ಮೇಲಿನ ಟ್ಯಾಂಕ್ ಲೈಟ್ ಆರಿದಾಗ ಸಂಪ್ ಲೈಟ್ ಹತ್ತುವ ಹಾಗೆ ಟೈಮರ್ ಇಡಿ, ಆಗ ರಾತ್ರಿ ಪಿಎಚ್ ಜಾಸ್ತಿ ಬೀಳುವುದಿಲ್ಲ. ಕಿಟಕಿ ಮುಚ್ಚಿ ಏಸಿ ಹಾಕುವ ಮನೆಗಳಲ್ಲಿ ಇದು ಬಹಳ ಉಪಯೋಗ. ಎರಡು ವಾರಕ್ಕೊಮ್ಮೆ ಮೂರನೇ ಒಂದು ಭಾಗ ಕೈಯಲ್ಲಿ ಕಿತ್ತು ತೆಗೆಯಿರಿ. ಪಾಚಿ ಬೆಳೆಯುವುದರಿಂದಲೇ ನೀರು ಚೊಕ್ಕ ಆಗುವುದಿಲ್ಲ. ನೀವು ಕಿತ್ತು ಹೊರಗೆ ಹಾಕಿದಾಗ ಮಾತ್ರ ನೈಟ್ರೇಟ್, ಫಾಸ್ಫೇಟ್ ಟ್ಯಾಂಕ್ ಬಿಟ್ಟು ಹೋದ ಹಾಗೆ. ಕಿತ್ತದ್ದನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ ಕಸಕ್ಕೆ ಹಾಕಿ. ಟಾಯ್ಲೆಟ್‌ಗೆ, ಖಾಡಿಗೆ (ಕಡಲ ಹಿನ್ನೀರಿಗೆ), ಸಮುದ್ರಕ್ಕೆ ಬೇಡವೇ ಬೇಡ. ಕಾಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಜಾತಿ 1984ರಲ್ಲಿ ಮೊನಾಕೊ ಎದುರಿನ ಕಡಲಲ್ಲಿ ಮೊದಲು ಒಂದು ಸಣ್ಣ ತುಂಡು ಜಾಗದಲ್ಲಿ ಕಂಡಿತು. ಅಕ್ವೇರಿಯಂನಲ್ಲಿ ಬೆಳೆಸುವ ತಳಿ ಅದು. ಆಮೇಲೆ ಮೆಡಿಟರೇನಿಯನ್ ತಳದಲ್ಲಿ ಸಾವಿರಾರು ಹೆಕ್ಟೇರ್ ಹಬ್ಬಿತು. ಕ್ಯಾಲಿಫೋರ್ನಿಯಾದಲ್ಲಿ 2000ದಲ್ಲಿ ಸಿಕ್ಕಾಗ ಪೂರ್ತಿ ತೆಗೆಯಲು ಆರು ವರ್ಷ ಹಿಡಿಯಿತು.

ಹಾಗಾದರೆ ನೀವು ಮಾಡಬೇಕಾದ್ದು ಏನು? ಈ ವಾರ ಆಲ್ಕಲಿನಿಟಿ ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ. ಸುಣ್ಣದ ತಿಳಿ ನಿಲ್ಲಿಸಿ, ಟಾಪ್‌ಅಪ್‌ಗೆ ಬರೀ ಆರ್‌ಓ-ಡಿಐ ನೀರು (ಆರ್‌ಓ ಫಿಲ್ಟರ್, ರೆಸಿನ್ ಎರಡರಲ್ಲೂ ಶುದ್ಧ ಮಾಡಿದ್ದು) ಇರಲಿ. ದಿನಾ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಹವಳಗಳು ತಾವೇ ತಿಂದು ನಿಧಾನವಾಗಿ ಇಳಿಸುತ್ತವೆ, ದಿನಕ್ಕೆ 0.5ಕ್ಕಿಂತ ಜಾಸ್ತಿ ಇಳಿಯಬಾರದು. ಎಷ್ಟು ಇಳಿಯುತ್ತದೆ ಎಂಬ ಅಂಕಿಯೇ ನಿಮ್ಮ ಹೊಸ ಡೋಸ್. 8.5 ಮುಟ್ಟಿದಾಗ ಆ ಅಂಕಿಗೆ ತಕ್ಕ ಹಾಗೆ ಟೂ-ಪಾರ್ಟ್ ದ್ರಾವಣವನ್ನು (ಕ್ಯಾಲ್ಸಿಯಂ ಒಂದರಲ್ಲಿ, ಆಲ್ಕಲಿನಿಟಿ ಇನ್ನೊಂದರಲ್ಲಿ) ಡೋಸಿಂಗ್ ಪಂಪ್‌ನಲ್ಲಿ ಕೊಡಲು ಶುರು ಮಾಡಿ. ಅದು ಆವಿಯಾಗುವ ನೀರನ್ನು ನೆಚ್ಚಿಕೊಂಡಿಲ್ಲ, ಮಳೆಯಾದರೇನು ಬಿಸಿಲಾದರೇನು. ನಿಮ್ಮ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಚೆನ್ನಾಗಿವೆ.

ಎರಡನೇ ವಾರ ಪಂಪ್‌ಗಳನ್ನು ಬಿಚ್ಚಿ ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ತೊಳೆಯಿರಿ, ಒಂದು ದಿನ ಒಂದೇ ಪಂಪ್. ಹರಿವು ಎಷ್ಟು ಹೆಚ್ಚಾಯಿತು ಎಂದು ನಿಮಗೇ ಆಶ್ಚರ್ಯವಾಗುತ್ತದೆ. ಲೈಟ್ ಗಾಜಿನ ಮೇಲಿನ ಉಪ್ಪಿನ ಪದರ ಒರೆಸಿದರೆ ಲೈಟನ್ನು 30 ಪ್ರತಿಶತ ತಗ್ಗಿಸಿ ಆಮೇಲೆ ಕೆಲವು ವಾರಗಳಲ್ಲಿ ಏರಿಸಿ. ಮಬ್ಬು ಬೆಳಕಿಗೆ ಒಗ್ಗಿದ ಹವಳ ತಟ್ಟನೆ ಜೋರು ಬೆಳಕು ಬಿದ್ದರೆ ಸುಟ್ಟ ಹಾಗೆ ಬಿಳಿಚಿಕೊಳ್ಳುತ್ತದೆ. ಕಲ್ಲಿನ ಸಂದುಗಳಿಗೆ ದೊಡ್ಡ ಸಿರಿಂಜ್‌ನಿಂದ ನೀರು ಊದಿ, ಎದ್ದ ಕಂದು ದೂಳನ್ನು ಫಿಲ್ಟರ್ ಸಾಕ್‌ನಲ್ಲಿ ಹಿಡಿದು ಅದೇ ದಿನ ಸಾಕ್ ತೊಳೆಯಿರಿ. ಇದನ್ನು ವಾರಕ್ಕೊಮ್ಮೆ ಮಾಡಿ. ವಾರಕ್ಕೆ 10 ಪ್ರತಿಶತ ನೀರು ಬದಲಿಸುವಾಗ ಮರಳಿನ ಸ್ವಲ್ಪ ಭಾಗದಲ್ಲಿ ಪೈಪ್ ಆಡಿಸಿ ಕೊಳೆ ಎಳೆಯಿರಿ. ಆ ದಿನ ಒಂದು ಮೂಲೆ ಮಾತ್ರ. ಮರಳು ಮೂರು ಇಂಚಿಗಿಂತ ಆಳವಿದ್ದು ಗಾಜಿನ ಪಕ್ಕ ಕಪ್ಪು ಪದರ ಕಂಡರೆ ಆ ಜಾಗ ಕದಡಬೇಡಿ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಲ್ಲಿರುತ್ತದೆ, ಅದು ಒಟ್ಟಿಗೆ ಎದ್ದರೆ ಮೀನು ಸಾಯುತ್ತವೆ. ಆಲ್ಕಲಿನಿಟಿ ಎರಡು ವಾರ ಅಲುಗಾಡದೆ ನಿಂತ ಮೇಲೆ ಜಿಎಫ್‌ಓ ಶುರು ಮಾಡಿ, ಮೊದಲಲ್ಲ.

ಆರ್‌ಓ ನೀರಿನ ಟಿಡಿಎಸ್ ಮೀಟರ್ (ಕರಗಿದ ಲವಣ ಅಳೆಯುವುದು) ನೋಡಿಕೊಳ್ಳಿ. ಭಾತ್ಸಾ, ವೈತರಣಾ ಜಲಾಶಯಗಳ ಕಡೆಯಿಂದ ಬರುವ ಪಾಲಿಕೆ ನೀರು ಸಾಮಾನ್ಯವಾಗಿ ಮೆದುವೇ, ಆದರೆ ಮಳೆಗಾಲದಲ್ಲಿ ಮಣ್ಣು ಬಂದು ಮೊದಲ ಕಾರ್ಟ್ರಿಡ್ಜ್ ಬೇಗ ಕಟ್ಟುತ್ತದೆ. ಸೊಸೈಟಿ ಟ್ಯಾಂಕ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ದಿನ ನೀರು ಹಿಡಿಯಬೇಡಿ. ಡಿಐ ರೆಸಿನ್ ಮುಗಿಯುತ್ತಾ ಬಂದಾಗ ಮೊದಲು ನುಸುಳುವುದು ಸಿಲಿಕಾ, ಮೀಟರ್‌ನಲ್ಲಿ ಸೊನ್ನೆ ಇದ್ದರೂ ಬರಬಹುದು. ಗಾಜಿನ ಮೇಲೆ ಕಂದು ಡಯಾಟಮ್ ಮತ್ತೆ ಬಂದರೆ ರೆಸಿನ್ ಬದಲಿಸುವ ಸಮಯ ಬಂದಿದೆ ಎಂದು ತಿಳಿಯಿರಿ.

ತಂಪು ಮಾಡಲು ಫ್ಯಾನ್ ಇಟ್ಟುಕೊಂಡಿದ್ದರೆ, ಜೂನ್‌ನಿಂದ ಅದನ್ನು ನಂಬಬೇಡಿ. ಫ್ಯಾನ್ ತಂಪು ಮಾಡುವುದು ನೀರನ್ನು ಆವಿ ಮಾಡಿ, ಮಳೆಗಾಲದ ಗಾಳಿ ಆವಿ ತೆಗೆದುಕೊಳ್ಳುವುದಿಲ್ಲ. 26, 27 ಡಿಗ್ರಿಯಲ್ಲಿ ನಿಲ್ಲಿಸಲು ಚಿಲ್ಲರ್ ಬೇಕು. ದುಬಾರಿ, ನಿಜ. ಆದರೆ ಇಷ್ಟು ಹಳೆಯ ಹವಳಗಳಿರುವ ಮನೆಗೆ ನಾನು ಹೇಳುವ ಮೊದಲ ಖರ್ಚು ಅದು, ಎರಡನೆಯದು ಬ್ಯಾಟರಿ ಏರ್‌ಪಂಪ್.

ಆಕ್ರೊಪೊರಾ ಬುಡದ ಬಿಳಿ ಗೆರೆ ದಿನಾ ಮೇಲಕ್ಕೆ ಹತ್ತುತ್ತಿದ್ದರೆ ಕಾಯಬೇಡಿ. ಆರೋಗ್ಯವಾಗಿರುವ ತುದಿಗಳನ್ನು ಬಿಳಿ ಗೆರೆಯಿಂದ ಒಂದು ಇಂಚು ಮೇಲೆ ಕತ್ತರಿಸಿ ಸಣ್ಣ ಕಲ್ಲಿಗೆ ಅಂಟಿಸಿ, ಹರಿವು ಚೆನ್ನಾಗಿರುವ ಕಡೆ ಇಡಿ. ತಾಯಿ ಹವಳ ಹೋದರೂ ತಳಿ ಉಳಿಯುತ್ತದೆ. ಹ್ಯಾಮರ್ ಬಗ್ಗೆ ನನಗೆ ಹೆಚ್ಚು ಭರವಸೆ ಇದೆ. ಬಾಯಿಯ ಸುತ್ತ ಮಾಂಸ ಇದ್ದು, ಕಂದು ಜೆಲ್ಲಿಯ ಹಾಗೆ ಏನೂ ಕಾಣದಿದ್ದರೆ ಅದನ್ನು ಮುಟ್ಟದೆ ಬಿಡಿ. ಆಲ್ಕಲಿನಿಟಿ ನಿಂತ ಮೇಲೆ ಸುಧಾರಿಸಿಕೊಂಡ ಹ್ಯಾಮರ್‌ಗಳನ್ನು ಬಹಳ ನೋಡಿದ್ದೇನೆ.

ಇಡೀ ಟ್ಯಾಂಕ್ ಬಿಚ್ಚಲೇಬೇಕಾದ ಸಂದರ್ಭ ಇಲ್ಲವೇ ಇಲ್ಲವಾ? ಇದೆ. ಗಾಜಿನ ಸಿಲಿಕಾನ್ ಬಿಟ್ಟರೆ, ಮನೆ ಬದಲಿಸಿದರೆ, ಅಥವಾ ತಾಮ್ರದ ಔಷಧಿ ತಪ್ಪಿ ಬಿದ್ದು ಕಲ್ಲು ಅದನ್ನು ಕುಡಿದಿದ್ದರೆ. ನಿಮ್ಮದು ಅಂಥದ್ದಲ್ಲ.

ಕೊನೆಗೆ ಮಾಲ್ವಣ್‌ನ ಹವಳ. ನಿಮ್ಮ ಗೆಳೆಯರಿಗೆ ಬೇಡ ಎಂದು ಸ್ಪಷ್ಟವಾಗಿ ಹೇಳಿ. ನಮ್ಮ ದೇಶದ ಎಲ್ಲ ಗಟ್ಟಿ ಹವಳಗಳು 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲ್‌ನಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಮಾಲ್ವಣ್ ಅಂತೂ 1987ರಿಂದ ಸಮುದ್ರ ಅಭಯಾರಣ್ಯ. ನಮ್ಮ ಮುಂಬೈನಲ್ಲೇ ಕೋಸ್ಟಲ್ ರೋಡ್ ಕೆಲಸಕ್ಕೆ ವರ್ಲಿ, ಹಾಜಿ ಅಲಿ ಬಂಡೆಗಳ ಮೇಲಿನ ಹವಳಗಳನ್ನು 2020ರಲ್ಲಿ ಅನುಮತಿ ಪಡೆದು ಒಂದೊಂದಾಗಿ ಬೇರೆಡೆಗೆ ಸಾಗಿಸಬೇಕಾಯಿತು. ಸತ್ತ ಹವಳದ ತುಂಡೂ ಎತ್ತಿಕೊಂಡು ಬರಬಾರದು. ನಿಮ್ಮಲ್ಲಿರುವ ಹವಳಗಳ ಬಿಲ್, ಆಮದು ಕಾಗದ ಪತ್ರ ಹುಡುಕಿ ಒಂದು ಫೈಲ್‌ನಲ್ಲಿಡಿ. ಹೊಸ ಹವಳ ತರುವ ಮಾತು ಫಾಸ್ಫೇಟ್ 0.1ರ ಕೆಳಗೆ ನಿಂತ ಮೇಲೆ ನೋಡೋಣ. ಅಲ್ಲಿಯವರೆಗೆ ದಿನದ ಆಲ್ಕಲಿನಿಟಿ ಅಂಕಿಗಳು ಮತ್ತು ಲೈಟ್ ಆರಿದ ಮೇಲೆ ತೆಗೆದ ಆ ಬೂದು ಸ್ಪಂಜಿನ ಹತ್ತಿರದ ಫೋಟೋ, ಇವೆರಡನ್ನು ನನಗೆ ಎರಡು ವಾರ ಬಿಟ್ಟು ಕಳಿಸಿ.